ಆಟಿಸಂ, ಎಡಿಎಚ್‌ಡಿ, ಕ್ವಿಯರ್ – ಮೂರೂ ಒಬ್ಬರಲ್ಲೇ ಇದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ 36 ವರ್ಷ. ಹುಟ್ಟಿದ್ದು ತಿಪಟೂರಿನ ಹತ್ತಿರ. ಹದಿನಾರು ವರ್ಷದಿಂದ ಬೆಂಗಳೂರಲ್ಲಿದ್ದೇನೆ. ಆಟಿಸಂ ಇದೆ, ಎಡಿಎಚ್‌ಡಿ ಇದೆ, ನಾನು ಕ್ವಿಯರ್. ಆಟಿಸಂ ಅಂದರೆ ಸದ್ದು, ಬದಲಾವಣೆ, ಜನರ ಮಾತಿನ ಧಾಟಿ ತಲೆಗೆ ಬೇರೆ ಥರ ತಟ್ಟುವುದು. ಎಡಿಎಚ್‌ಡಿ ಅಂದರೆ ಗಮನ, ನೆನಪು, ಆತುರ ಹಿಡಿತಕ್ಕೆ ಸಿಗದಿರುವುದು. ಕ್ವಿಯರ್ ಅಂದರೆ ಪ್ರೀತಿಯಲ್ಲೋ ಲಿಂಗದ ಗುರುತಲ್ಲೋ ಗಂಡು-ಹೆಣ್ಣು ಅನ್ನುವ ರೂಢಿಗೆ ಹೊರತಾದವರು. ಆಟಿಸಂ, ಎಡಿಎಚ್‌ಡಿ ಇದೆ ಅಂತ ಗೊತ್ತಾದಾಗ ನನಗೆ 31. ಅವತ್ತಿನಿಂದ ಗೆಳೆಯರು, ಗೆಳೆಯರ ಗೆಳೆಯರು, ಒಮ್ಮೊಮ್ಮೆ ಅವರ ಅಪ್ಪ ಅಮ್ಮ ಕೂಡ ಫೋನ್ ಮಾಡಿ ಇವೇ ಪ್ರಶ್ನೆ ಕೇಳುತ್ತಾರೆ. ಬಾಯಲ್ಲಿ ಹೇಳುವಾಗ ಪ್ರತಿ ಸಲ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಇಲ್ಲಿರುವುದು ಓದಿ ತಿಳಿದದ್ದು, ಬದುಕಿ ತಿಳಿದದ್ದು.

ಮೂರೂ ಒಬ್ಬರಲ್ಲೇ ಇರೋದು ತುಂಬಾ ಅಪರೂಪ ಅಲ್ವಾ?

ಅಲ್ಲ. ಆಟಿಸಂ ಇರುವವರಲ್ಲಿ ಎಡಿಎಚ್‌ಡಿ ಕೂಡ ಇರುವುದು ಸಾಮಾನ್ಯ. ಕ್ವಿಯರ್ ಜನರಲ್ಲಿ, ಅದರಲ್ಲೂ ಟ್ರಾನ್ಸ್ ಜನರಲ್ಲಿ (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನ್ನುವವರಲ್ಲಿ), ಆಟಿಸಂ ಜಾಸ್ತಿ ಕಾಣುತ್ತದೆ. 2020ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ್ದರು. ಟ್ರಾನ್ಸ್ ಮತ್ತು ಲಿಂಗ ವೈವಿಧ್ಯದ ಜನರಲ್ಲಿ ಆಟಿಸಂ ಉಳಿದವರಿಗಿಂತ ಸುಮಾರು 3ರಿಂದ 6 ಪಟ್ಟು ಜಾಸ್ತಿ ಇತ್ತು. ನನ್ನ ಸ್ನೇಹಿತರ ಗುಂಪಲ್ಲೇ ಮೂರೂ ಇರುವವರು ನಾಲ್ಕು ಜನ ಇದ್ದೇವೆ.

ಆಟಿಸಂ, ಎಡಿಎಚ್‌ಡಿ ಎರಡೂ ಇದ್ದರೆ ಒಳಗೆ ಹೇಗಿರುತ್ತದೆ?

ಕಾಫಿ ಪುಡಿಯ ಕತೆ ಹೇಳಿದರೆ ಅರ್ಥ ಆಗಬಹುದು. ನನಗೆ ಬೆಳಿಗ್ಗೆ ಅದೇ ಲೋಟ ಬೇಕು. ಗಾಂಧಿ ಬಜಾರಿನ ಅದೇ ಅಂಗಡಿಯ ಪುಡಿ, ಅದೇ ಪ್ರಮಾಣದ ಚಿಕೋರಿ. ಬೇರೆ ಪುಡಿ ಹಾಕಿದರೆ ಇಡೀ ದಿನ ಏನೋ ತಪ್ಪಿದ ಹಾಗೆ. ಇದು ಆಟಿಸಂ. ಆದರೆ ಪುಡಿ ಖಾಲಿ ಆಗ್ತಾ ಬಂದಿದೆ ಅಂತ ಸೋಮವಾರವೇ ನೋಡಿ, ತರಬೇಕು ಅಂದುಕೊಂಡು, ಚೀಟಿಯಲ್ಲಿ ಬರೆದು, ಚೀಟಿ ಎಲ್ಲಿಟ್ಟೆ ಅಂತ ಮರೆತು, ಗುರುವಾರ ಅದೇ ಅಂಗಡಿಯ ಮುಂದೆಯೇ ನಡೆದು ಹೋಗಿ, ಮಲ್ಲಿಗೆ ಕೊಂಡು ಮನೆಗೆ ಬಂದಿರುತ್ತೇನೆ. ಇದು ಎಡಿಎಚ್‌ಡಿ. ಶುಕ್ರವಾರ ಬೆಳಿಗ್ಗೆ ಡಬ್ಬಿ ತೆಗೆದು ನೋಡಿದಾಗ ಕಣ್ಣಲ್ಲಿ ನೀರು ಬರುತ್ತದೆ. ಒಂದು ಲೋಟ ಕಾಫಿಗೆ ಅಳ್ತೀಯಾ ಅಂತ ಜನ ಕೇಳುತ್ತಾರೆ. ಅಳು ಕಾಫಿಗಲ್ಲ. ಬದಲಾವಣೆ ತಡೆಯಲಾಗದ ತಲೆ, ಬದಲಾವಣೆ ಆಗದಂತೆ ನೋಡಿಕೊಳ್ಳಲೂ ಆಗದ ತಲೆ, ಎರಡೂ ಒಂದೇ ಆಗಿರುವ ಸುಸ್ತಿಗೆ.

ಒಳ್ಳೆಯದೂ ಇದೆ. ಇಷ್ಟವಾದ ವಿಷಯ ಸಿಕ್ಕರೆ ಗಂಟೆಗಟ್ಟಲೆ ಅದರಲ್ಲೇ ಮುಳುಗುತ್ತೇನೆ. ನನಗೆ ಕಲ್ಲುಗಳ ಹುಚ್ಚು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಪೆನಿನ್ಸುಲರ್ ನೈಸ್ ಅನ್ನುವ ಕಲ್ಲು ಅದು. ಸಂಜೆ ಬಿಸಿಲು ಇಳಿದ ಮೇಲೆ ಅಂಗೈ ಇಟ್ಟು ನೋಡಿ, ಕಲ್ಲು ಇನ್ನೂ ಬೆಚ್ಚಗಿರುತ್ತದೆ. ಅದರ ಪಟ್ಟೆಗಳನ್ನು ನೋಡ್ತಾ ಕೂತರೆ ಬೇರೆ ಯಾವ ಮಾತೂ ಬೇಡ ನನಗೆ.

ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ವಾ? ದೊಡ್ಡವರಾದ ಮೇಲೆ ಬರುತ್ತಾ ಇದು?

ದೊಡ್ಡವರಾದ ಮೇಲೆ ಬರುವುದಿಲ್ಲ. ಹುಟ್ಟಿನಿಂದಲೇ ಇರುತ್ತದೆ. ಯಾರೂ ಆ ಹೆಸರಿಂದ ಕರೆಯಲಿಲ್ಲ, ಅಷ್ಟೇ. ನನ್ನನ್ನು ಕರೆದಿದ್ದು ಮಂಕು, ಮೊಂಡು, ಸೋಮಾರಿ, "ಬುದ್ಧಿ ಇದೆ ಆದರೆ ಉಪಯೋಗಿಸಲ್ಲ". ಐದನೇ ಕ್ಲಾಸಲ್ಲಿ ಮಗ್ಗಿ ತಪ್ಪದೆ ಹೇಳುತ್ತಿದ್ದೆ. ಚಪ್ಪಲಿ ಮಾತ್ರ ದಿನಾ ಶಾಲೆಯಲ್ಲೇ ಬಿಟ್ಟು ಬರುತ್ತಿದ್ದೆ.

ಇನ್ನೊಂದು ಕಾರಣ ಇದೆ. ಅಮೆರಿಕದ ಮನೋವೈದ್ಯರ ಡಿಎಸ್‌ಎಂ ಅನ್ನುವ ಕೈಪಿಡಿಯನ್ನು ನಮ್ಮ ದೇಶದಲ್ಲೂ ಬಳಸುತ್ತಾರೆ. ಆಟಿಸಂ ಇದ್ದವರಿಗೆ ಎಡಿಎಚ್‌ಡಿ ಅಂತಲೂ ಹೇಳುವ ಹಾಗಿಲ್ಲ ಅಂತ ಅದರ ಹಳೆಯ ಆವೃತ್ತಿಯಲ್ಲಿತ್ತು. 2013ರ ಐದನೇ ಆವೃತ್ತಿಯಲ್ಲಿ ಆ ನಿಯಮ ತೆಗೆದರು. ಅಂದರೆ ನನ್ನ ವಯಸ್ಸಿನವರು ಶಾಲೆಯಲ್ಲಿದ್ದಾಗ ಎರಡೂ ಒಟ್ಟಿಗೆ ಪತ್ತೆಯಾಗುವ ದಾರಿಯೇ ಇರಲಿಲ್ಲ. ಜೊತೆಗೆ ಒಂದು ಇನ್ನೊಂದನ್ನು ಮುಚ್ಚುತ್ತದೆ. ಬಟ್ಟೆ ಮಡಿಚಿಡಕ್ಕೆ ಆಗದವರಿಗೆ ಎಂಥ ಆಟಿಸಂ ಅನ್ನುತ್ತಾರೆ. ಒಂದೇ ಕಡೆ ಕೂತು ಎಂಟು ಗಂಟೆ ಓದುವವರಿಗೆ ಎಂಥ ಎಡಿಎಚ್‌ಡಿ ಅನ್ನುತ್ತಾರೆ.

ಬೆಂಗಳೂರಲ್ಲಿ ಎಲ್ಲಿ ತೋರಿಸೋದು?

ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ. ಖರ್ಚು ಕಮ್ಮಿ, ಕನ್ನಡದಲ್ಲೇ ಮಾತಾಡಬಹುದು. ಆದರೆ ಜನ ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ, ಸಾಧ್ಯವಾದರೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಕಾಯುವ ಜಾಗದ ಸದ್ದಲ್ಲೇ ನಿಮ್ಮ ಶಕ್ತಿ ಮುಗಿದುಹೋದರೆ ಒಳಗೆ ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ. ನಾನು ಎರಡು ಪುಟ ಬರೆದುಕೊಂಡು ಹೋಗಿದ್ದೆ. ಅದನ್ನೇ ಕೈಗೆ ಕೊಟ್ಟೆ. ತುಂಬಾ ಉಪಯೋಗ ಆಯಿತು.

ಖಾಸಗಿಯಾಗಿ ನೋಡುವ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳೂ ಇದ್ದಾರೆ. ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ. ಫೋನಲ್ಲೇ ಇನ್ನೆರಡು ಪ್ರಶ್ನೆ ಕೇಳಿಬಿಡಿ: ದೊಡ್ಡವರನ್ನು ನೋಡ್ತೀರಾ? ಕ್ವಿಯರ್ ಜನರ ಜೊತೆ ಕೆಲಸ ಮಾಡಿದ್ದೀರಾ? ಎರಡನೆಯದಕ್ಕೆ ತಡವರಿಸಿದರೆ ಮುಂದಿನವರಿಗೆ ಫೋನ್ ಮಾಡಿ. ಹಳೆಯ ಮಾರ್ಕ್ಸ್ ಕಾರ್ಡ್, ಟೀಚರ್ ಬರೆದ ಷರಾ ಇದ್ದರೆ ತೆಗೆದುಕೊಂಡು ಹೋಗಿ. ಬಾಲ್ಯದ ವಿಷಯ ಖಂಡಿತ ಕೇಳುತ್ತಾರೆ.

ನಾನು ಮೊದಲು ಹೋದ ಕಡೆ ಆಟಿಸಂ ಬಗ್ಗೆ ಒಂದು ಮಾತೂ ಆಡಲಿಲ್ಲ. "ಮದುವೆ ಆಗಿ, ಮನಸ್ಸು ಒಂದು ಕಡೆ ನಿಲ್ಲುತ್ತೆ" ಅಂದರು. ಫೀಸ್ ಕೊಟ್ಟು ಎದ್ದು ಬಂದೆ. ಆಮೇಲೆ ಎರಡು ವರ್ಷ ಎಲ್ಲಿಗೂ ಹೋಗಲಿಲ್ಲ. ಆ ಎರಡು ವರ್ಷ ನನಗೆ ಈಗಲೂ ನೋವು ಕೊಡುತ್ತದೆ. ನಿಮಗೆ ಹಾಗೆ ಆಗಬಾರದು. ಕ್ವಿಯರ್ ಜನರನ್ನು ಬದಲಾಯಿಸ್ತೀನಿ ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಯಾರಾದರೂ ಹಾಗೆ ಮಾಡಿದರೆ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಔಷಧಿ ತಗೋಬೇಕಾ?

ಆಟಿಸಂಗೆ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ಎಡಿಎಚ್‌ಡಿಗೆ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಮೀಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸಿಟಿನ್. ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಬಿಗಿ ನಿಯಮ ಇರುವಂಥದ್ದು. ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಎಲ್ಲ ಮೆಡಿಕಲ್ ಸ್ಟೋರಲ್ಲೂ ಸಿಗುವುದಿಲ್ಲ. ಖಾಲಿ ಆಗುವ ಒಂದು ವಾರ ಮುಂಚೆಯೇ ಹುಡುಕಲು ಶುರು ಮಾಡಿ. ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಡಾಕ್ಟರ್ ಜೊತೆ ಕೂತು ತೀರ್ಮಾನಿಸಿ.

ಒಂದು ವಿಷಯ ಮಾತ್ರ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಔಷಧಿ ಶುರುವಾಗಿ ತಲೆಯ ಓಟ ಕಮ್ಮಿ ಆದಾಗ ಆಟಿಸಂ ಜಾಸ್ತಿ ಆದ ಹಾಗೆ ಅನಿಸಿತು. ಟ್ಯೂಬ್‌ಲೈಟಿನ ಗುಂಯ್ ಸದ್ದು, ಅಂಗಿ ಕಾಲರಿನ ಲೇಬಲ್, ಎಲ್ಲ ಎದ್ದು ಕಾಣಲು ಶುರುವಾಯಿತು. ಮೊದಲೂ ಇದ್ದವೇ. ಗದ್ದಲದಲ್ಲಿ ಗೊತ್ತಾಗ್ತಿರಲಿಲ್ಲ. ಹೀಗಾದರೆ ಹೆದರಬೇಡಿ, ಡಾಕ್ಟರಿಗೆ ಹೇಳಿ.

ಆಟಿಸಂ ಇರೋದರಿಂದ ಕ್ವಿಯರ್ ಅಂತ ನೀವೇ ಗೊಂದಲ ಮಾಡ್ಕೊಂಡಿರಬಹುದಲ್ವಾ?

ಇಲ್ಲ. ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಅನ್ನುವುದರಲ್ಲಿ ನನಗೆ ಯಾವತ್ತೂ ಗೊಂದಲ ಇರಲಿಲ್ಲ. ಆಟಿಸಂ ಇರುವವರಿಗೆ ತಮ್ಮ ಬಗ್ಗೆ ಗೊತ್ತಿರಲ್ಲ ಅನ್ನುವ ಮಾತು ತುಂಬಾ ನೋವು ಕೊಡುತ್ತದೆ. ಹುಡುಗರು ಹೀಗೇ, ಹುಡುಗಿಯರು ಹಾಗೇ ಅಂದಾಗ ನಾನು ಚಿಕ್ಕಂದಿನಿಂದಲೂ "ಯಾಕೆ?" ಅಂತ ಕೇಳುತ್ತಿದ್ದೆ. ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಉತ್ತರ ಇಲ್ಲದ ನಿಯಮ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ.

ಮನೆಯಲ್ಲಿ ಹೇಳಬೇಕಾ? ಯಾವುದನ್ನು ಮೊದಲು?

ಜಾಸ್ತಿ ಜನ ಕೇಳುವ ಪ್ರಶ್ನೆ ಇದು.

ಮೊದಲು ಸುರಕ್ಷತೆ. ನಿಮ್ಮ ಓದು, ಊಟ, ಸೂರು ಮನೆಯವರ ಕೈಯಲ್ಲಿದ್ದರೆ ಕಾಯಿರಿ. ನಿಮ್ಮದೇ ಸಂಬಳ, ನಿಮ್ಮದೇ ಬೀಗದ ಕೈ ಇರಲಿ. ಅದಕ್ಕೆ ಮುಂಚೆ ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ.

ಆದರೆ ಮುಚ್ಚಿಡುವುದಕ್ಕೂ ಬೆಲೆ ಇದೆ. ನಮ್ಮಂಥವರಿಗೆ ಆ ಬೆಲೆ ಜಾಸ್ತಿ. ಮುಚ್ಚಿಡೋದು ಅಂದರೆ ಲೆಕ್ಕ ಇಡೋದು. ಅಕ್ಕನ ಹತ್ತಿರ ನನ್ನ ಸಂಗಾತಿಯನ್ನು ರೂಮ್‌ಮೇಟ್ ಅಂದಿದ್ದೆ. ಚಿಕ್ಕಮ್ಮನಿಗೆ ಆಫೀಸಿನವರು ಅಂದಿದ್ದೆ. ಮನೆ ಓನರಿಗೆ ಕಸಿನ್ ಅಂದಿದ್ದೆ. ಆಟಿಸಂ ಇರುವ ತಲೆಗೆ ಸುಳ್ಳು ಹೇಳೋದೇ ಕಷ್ಟ. ಎಡಿಎಚ್‌ಡಿ ಇರುವ ತಲೆಗೆ ಯಾರ ಹತ್ತಿರ ಯಾವ ಸುಳ್ಳು ಹೇಳಿದ್ದೆ ಅಂತ ನೆನಪಿಡೋದು ಇನ್ನೂ ಕಷ್ಟ. ಇದರ ಮೇಲೆ ಮುಖ ನೋಡಿ ಮಾತಾಡಬೇಕು, ಕೈ ಅಲ್ಲಾಡಿಸಬಾರದು, ಸದ್ದಿಗೆ ಕಿವಿ ಮುಚ್ಚಬಾರದು. ಆಟಿಸಂ ಮರೆಮಾಡೋಕೆ ಒಂದು ಮುಖವಾಡ, ಕ್ವಿಯರ್ ಅನ್ನೋದನ್ನ ಮರೆಮಾಡೋಕೆ ಇನ್ನೊಂದು. ಎರಡನ್ನೂ ಹೊರುವುದು ಒಂದೇ ಮುಖ.

ಊರಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ಕೂತಿದ್ದೆ. ಪಾತ್ರೆ ಸದ್ದು, ಮೈಕಿನಲ್ಲಿ ನಾಗಸ್ವರ, ಎಲೆಯ ಮೇಲೆ ಬಿಸಿ ಅನ್ನ. ಎದುರು ಸಾಲಿಂದ ಚಿಕ್ಕಮ್ಮ ನಿಮ್ಮ ಆಫೀಸಿನವರು ಹೇಗಿದ್ದಾರೆ ಅಂದರು. ಯಾರು ಅಂದೆ. ಅಕ್ಕ "ಅವರು ಆಫೀಸಿನವರಲ್ಲ, ರೂಮ್‌ಮೇಟ್ ಅಲ್ವಾ" ಅಂದಳು. ಇಬ್ಬರೂ ನನ್ನ ಮುಖ ನೋಡಿದರು. ಸಾರು ಬಡಿಸುವವನು ಸೌಟು ಹಿಡಿದು ನಿಂತಿದ್ದ. ನನ್ನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ತೆಂಗಿನಮರಕ್ಕೆ ಒರಗಿ ಕೂತೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮೂರು ತಿಂಗಳು ಅಡುಗೆ ಮಾಡಕ್ಕಾಗಲಿಲ್ಲ. ಸ್ನಾನ ಕೂಡ ದೊಡ್ಡ ಕೆಲಸ ಅನಿಸುತ್ತಿತ್ತು. ಇಂಥದ್ದಕ್ಕೆ ಆಟಿಸಂನ ಬರ್ನ್‌ಔಟ್ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು.

ನಾನು ಮೊದಲು ಹೇಳಿದ್ದು ಆಟಿಸಂ ಬಗ್ಗೆ. ಅಮ್ಮನಿಗೆ ಕನ್ನಡದಲ್ಲಿ ಪತ್ರ ಬರೆದೆ. ಎದುರಿಗೆ ಹೇಳಿದ್ದರೆ ಅವರ ಮುಖ ನೋಡಿ ನಿಲ್ಲಿಸಿಬಿಡುತ್ತಿದ್ದೆ. ಕುಕ್ಕರ್ ಕೂಗಿದಾಗಲೆಲ್ಲ ಚಿಕ್ಕಂದಿನಲ್ಲಿ ಯಾಕೆ ಓಡಿಹೋಗುತ್ತಿದ್ದೆ, ಬೆಂಡೆಕಾಯಿ ಯಾಕೆ ಬಾಯಿಗಿಡುತ್ತಿರಲಿಲ್ಲ, ಎಲ್ಲ ಬರೆದೆ. ಅಮ್ಮ ಫೋನ್ ಮಾಡಿ ತುಂಬಾ ಹೊತ್ತು ಸುಮ್ನೆ ಇದ್ದರು. ಆಮೇಲೆ "ನಾನು ಹೊಡೆದಿದ್ದೆನಲ್ಲ" ಅಂದರು. ಸಂಗಾತಿಯ ಬಗ್ಗೆ ಹೇಳಿದ್ದು ಒಂದು ವರ್ಷದ ಮೇಲೆ. ಅದಕ್ಕೆ ಅವರಿಗೆ ಇನ್ನೂ ಜಾಸ್ತಿ ಸಮಯ ಬೇಕಾಯಿತು. ಅಪ್ಪ ಆ ವಿಷಯ ಈಗಲೂ ಎತ್ತುವುದಿಲ್ಲ. ಆದರೆ ತೆಂಗಿನಕಾಯಿ ಕಳಿಸುವಾಗ ಇಬ್ಬರಿಗೂ ಸೇರಿಸಿ ಲೆಕ್ಕ ಹಾಕಿ ಕಳಿಸುತ್ತಾರೆ.

ನಿಮ್ಮನ್ನು ಅವನು ಅನ್ನಬೇಕಾ, ಅವಳು ಅನ್ನಬೇಕಾ?

"ಅವರು" ಅನ್ನಿ, ಸಾಕು. ಕನ್ನಡದಲ್ಲಿ ಇದೊಂದು ಸುಖ. ದೊಡ್ಡವರಿಗೆ, ಗುರುತಿಲ್ಲದವರಿಗೆ ನಾವು ದಿನಾ ಬಳಸುವ ಮಾತೇ ಇದು. ನಾನು ನನ್ನ ಬಗ್ಗೆ ಹೇಳುವಾಗ "ಬಂದೆ, ಹೋದೆ, ತಿಂದೆ" ಅಂತೀನಿ. ಅಲ್ಲಿ ಗಂಡು ಹೆಣ್ಣು ಅನ್ನುವ ಗುರುತೇ ಇಲ್ಲ.

ಪ್ರೀತಿ, ಸಂಬಂಧ ನಡೆಸೋದು ಕಷ್ಟ ಅಲ್ವಾ?

ಸುತ್ತಿ ಬಳಸಿ ಮಾತಾಡಿದರೆ ಕಷ್ಟ. ನಮ್ಮ ಕನ್ನಡದಲ್ಲಿ "ನೋಡೋಣ" ಅಂದರೆ ಎಷ್ಟೋ ಸಲ "ಇಲ್ಲ" ಅಂತ ಅರ್ಥ. ನಾನು ಅದನ್ನು ನೋಡೋಣ ಅಂತಲೇ ತಿಳಿದು ಕಾಯುತ್ತಾ ಕೂತಿರುತ್ತಿದ್ದೆ. ಈಗ ಮನೆಯಲ್ಲಿ ಆ ಪದವನ್ನೇ ಬಿಟ್ಟಿದ್ದೇವೆ. ಹೂಂ, ಬೇಡ, ಅಥವಾ "ನಾಳೆ ಸಂಜೆ ಹೇಳ್ತೀನಿ". ನನ್ನ ಸಂಗಾತಿಗೂ ಎಡಿಎಚ್‌ಡಿ ಇದೆ. ಯಾರಿಗಾದರೂ ಪಾತ್ರೆ ತೊಳೆಯಕ್ಕೆ ಮನಸ್ಸು ಬರದಿದ್ದರೆ ಇನ್ನೊಬ್ಬರು ಅಡುಗೆಮನೆಯಲ್ಲಿ ಸ್ಟೂಲ್ ಹಾಕಿ ಕೂರುತ್ತೇವೆ. ಏನೂ ಮಾಡಬೇಕಿಲ್ಲ. ಪಕ್ಕದಲ್ಲಿ ಒಬ್ಬರು ಇದ್ದರೆ ಕೈ ಓಡುತ್ತದೆ.

ಒಬ್ಬರಿಗೊಬ್ಬರು ಅರ್ಥ ಆಗದಿದ್ದರೆ ತಪ್ಪು ಆಟಿಸಂ ಇರುವವರದ್ದೇ ಅಂತ ಜನ ಅಂದುಕೊಳ್ಳುತ್ತಾರೆ. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಇದಕ್ಕೆ ಉತ್ತರ ಬರೆದರು. ಅರ್ಥವಾಗದಿರುವುದು ಎರಡೂ ಕಡೆಯಿಂದ ಆಗುವಂಥದ್ದು ಅಂತ. ಅದನ್ನು ಓದಿದ ದಿನ ನಾನು ಎಷ್ಟೋ ಹಳೆಯ ಜಗಳಗಳನ್ನು ನೆನೆಸಿಕೊಂಡೆ.

ಬೆಂಗಳೂರಿನ ಈ ಗದ್ದಲದಲ್ಲಿ ಹೇಗಿರ್ತೀರಿ?

ಕಿವಿಗೆ ಇಯರ್‌ಪ್ಲಗ್, ಬ್ಯಾಗಲ್ಲಿ ಟೋಪಿ, ನೀರು, ಕಡಲೆಬೀಜ. ಹಸಿವು ಆಗಿದ್ದು ನನಗೆ ಬೇಗ ಗೊತ್ತಾಗುವುದಿಲ್ಲ. ಅದಕ್ಕೆ ಮಧ್ಯಾಹ್ನ 1 ಗಂಟೆಗೆ ಫೋನ್ ಅಲಾರಂ. ಮೆಜೆಸ್ಟಿಕ್‌ನಲ್ಲಿ ಮೆಟ್ರೊದ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಯಿಸುವಾಗಿನ ನೂಕುನುಗ್ಗಲು ತಡೆಯಲಾಗದ ದಿನ ಬಸ್ ಹಿಡಿಯುತ್ತೇನೆ. ತಡ ಆಗುತ್ತದೆ, ಆಗಲಿ. ದರ್ಶಿನಿಗಳು ನನಗೆ ಇಷ್ಟ. ಮೊದಲೇ ದುಡ್ಡು ಕೊಟ್ಟು ಚೀಟಿ ತಗೊಂಡರೆ ಆಮೇಲೆ ಮಾತಾಡಬೇಕಿಲ್ಲ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ತಟ್ಟೆಗಳ ಸದ್ದೂ ಕಮ್ಮಿ. ಸುಮ್ನೆ ಕೂರಬೇಕು ಅನಿಸಿದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯ.

ಒಂದು ಸಂಜೆ ಬಿಎಂಟಿಸಿ ಬಸ್ಸಲ್ಲಿ ಮಾತು ಪೂರ್ತಿ ನಿಂತುಹೋಯಿತು. ಇದಕ್ಕೆ ಶಟ್‌ಡೌನ್ ಅನ್ನುತ್ತಾರೆ. ಕಂಡಕ್ಟರ್ ಎಲ್ಲಿಗೆ ಅಂದರು. ಉತ್ತರ ಗೊತ್ತಿತ್ತು, ನಾಲಿಗೆ ಏಳಲಿಲ್ಲ. ಎರಡು ಸಲ ಕೇಳಿದರು. ಫೋನಲ್ಲಿ "ಬಸವನಗುಡಿ" ಅಂತ ಟೈಪ್ ಮಾಡಿ ತೋರಿಸಿದೆ. ಅವರು ನೋಡಿದರು, ಟಿಕೆಟ್ ಹರಿದು ಕೊಟ್ಟರು, ಚಿಲ್ಲರೆ ಕೈಯಲ್ಲಿಟ್ಟರು. ನನ್ನ ಸ್ಟಾಪ್ ಬಂದಾಗ ಕೂಗದೆ, ಸೀಟಿನ ಕಂಬಿಯನ್ನು ಮೆತ್ತಗೆ ತಟ್ಟಿ ಸನ್ನೆ ಮಾಡಿದರು. ಈಗ ಒಂದು ಕಾರ್ಡ್ ಬರೆದು ಜೇಬಲ್ಲಿ ಇಟ್ಟುಕೊಂಡಿದ್ದೇನೆ: "ನನಗೆ ಈಗ ಮಾತಾಡಲು ಆಗುತ್ತಿಲ್ಲ. ಕೇಳಿಸುತ್ತದೆ. ಬರೆದು ಹೇಳುತ್ತೇನೆ." ನೀವೂ ಒಂದು ಇಟ್ಟುಕೊಳ್ಳಿ.

ಕ್ವಿಯರ್ ಗೆಳೆಯರನ್ನು ಎಲ್ಲಿ ಹುಡುಕೋದು? ಪಬ್ಬು ಪಾರ್ಟಿ ನನಗಾಗಲ್ಲ.

ನನಗೂ ಆಗಲ್ಲ. ಬೆಂಗಳೂರಲ್ಲಿ ಕ್ವಿಯರ್ ಜನ ಸೇರುವುದು ಹೊಸತಲ್ಲ. ಗುಡ್ ಆ್ಯಸ್ ಯು ಗುಂಪು 1990ರ ದಶಕದಿಂದ ಇದೆ, ಸಂಗಮ ಅನ್ನುವ ಸಂಸ್ಥೆ 1999ರಲ್ಲಿ ಶುರುವಾಯಿತು, ಕ್ವಿಯರ್ ಜನರು ಹೆಮ್ಮೆಯಿಂದ ಬೀದಿಗಿಳಿಯುವ ಪ್ರೈಡ್ ಮೆರವಣಿಗೆ ಇಲ್ಲಿ ಮೊದಲು 2008ರಲ್ಲಿ ನಡೆಯಿತು. ಮೆರವಣಿಗೆಯಲ್ಲಿ ತಮಟೆ ಸದ್ದು ಜೋರು. ನಾನು ಇಯರ್‌ಪ್ಲಗ್ ಹಾಕಿಕೊಂಡು ಸಾಲಿನ ಅಂಚಲ್ಲಿ ನಡೆಯುತ್ತೇನೆ, ಅರ್ಧ ಗಂಟೆ ಸಾಕಾದರೆ ಹೊರಡುತ್ತೇನೆ. ಓದುವ ಗುಂಪು, ಸಿನಿಮಾ ನೋಡುವ ಗುಂಪು, ಪಾರ್ಕಿನ ಭೇಟಿ ಹುಡುಕಿ. ಕೂತು ಮಾಡುವ ಒಂದು ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಕಾರ್ಯಕ್ರಮ ನಡೆಸುವವರಿಗೆ ಒಂದು ಕೋರಿಕೆ: ಒಂದು ಸಣ್ಣ ಕೋಣೆ ಸದ್ದಿಲ್ಲದೆ ಇರಲಿ, ಎಷ್ಟು ಗಂಟೆಗೆ ಏನು ಅಂತ ಮೊದಲೇ ಬರೆದು ಕಳಿಸಿ.

ಬಾಡಿಗೆ ಮನೆ ಕೇಳಿದಾಗ ಏನು ಹೇಳ್ತೀರಿ?

ಕಸಿನ್ ಅಂದ ಮನೆಯಲ್ಲಿ ಎರಡು ವರ್ಷ ಹೆದರಿಕೊಂಡೇ ಇದ್ದೆವು. ಈಗಿನ ಮನೆಗೆ ಹೋದಾಗ ಕನ್ನಡಿ ಮುಂದೆ ನಿಂತು ಒಂದು ವಾಕ್ಯ ಅಭ್ಯಾಸ ಮಾಡಿದ್ದೆ: "ನಾವಿಬ್ಬರೂ ಒಟ್ಟಿಗೆ ಇರುತ್ತೇವೆ, ಬಾಡಿಗೆ ಪ್ರತಿ ತಿಂಗಳು 3ನೇ ತಾರೀಕು ಬರುತ್ತದೆ." ಎರಡೂ ನಿಜ. ಅವರಿಗೆ ಬೇಕಾಗಿದ್ದೂ ಅಷ್ಟೇ. ಬಾಡಿಗೆ, ಕರೆಂಟ್ ಬಿಲ್ ಎಲ್ಲ ಆಟೋಪೇ ಹಾಕಿಬಿಡಿ, ನೆನಪಿನ ಮೇಲೆ ಬಿಡಬೇಡಿ. ಸಂಗಾತಿಯ ಜೊತೆ ಜಂಟಿ ಖಾತೆ ತೆರೆಯಲು, ನಾಮಿನಿ ಮಾಡಲು ಕ್ವಿಯರ್ ಜನರಿಗೆ ಯಾವ ಅಡ್ಡಿಯೂ ಇಲ್ಲ ಅಂತ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕಿನವರು ತಕರಾರು ಮಾಡಿದರೆ ಅದನ್ನು ತೋರಿಸಿ.

ಕೆಲಸದ ಕಡೆ ಹೇಳಬೇಕಾ? ಕಾನೂನು ಏನನ್ನುತ್ತದೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಎಡಿಎಚ್‌ಡಿ ಹೆಸರು ಆ ಪಟ್ಟಿಯಲ್ಲಿಲ್ಲ. ಮೀಸಲಾತಿಯಂಥ ಸೌಲಭ್ಯಕ್ಕೆ ಪ್ರಮಾಣಪತ್ರದಲ್ಲಿ ಕನಿಷ್ಠ ಶೇ 40 ಅಂಗವೈಕಲ್ಯ ಅಂತ ಇರಬೇಕು. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಆನ್‌ಲೈನ್ ಅರ್ಜಿ ಹಾಕಬಹುದು. ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದಿತು. 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕು ಕೊಡಲಿಲ್ಲ. ನಾವು ಇರುವುದು ಇವೆರಡರ ನಡುವೆ.

ನಾನು ಆಫೀಸಲ್ಲಿ ರೋಗದ ಹೆಸರು ಹೇಳದೆ ಬೇಕಾದ್ದನ್ನು ಕೇಳಿದೆ. ಕಿಟಕಿ ಪಕ್ಕದ ಜಾಗ, ಮೀಟಿಂಗ್ ಆದ ಮೇಲೆ ಎರಡು ಸಾಲಿನ ಮೇಲ್. ಅಯ್ಯೋ, ರೋಗ ಅಂದುಬಿಟ್ಟೆ ನೋಡಿ. ರೋಗ ಅಲ್ಲ ಇದು. ಹಳೆಯ ಮಾತಿನ ಅಭ್ಯಾಸ ಇನ್ನೂ ಹೋಗಿಲ್ಲ.

ತೀರಾ ಕಷ್ಟ ಆದಾಗ?

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಕೆಲಸವನ್ನು ಚೆನ್ನಾಗಿರುವ ದಿನವೇ ಮಾಡಿಟ್ಟುಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ವಿಷಯಕ್ಕೆ ನಿಮ್ಮ ಪರವಾಗಿ ಒಬ್ಬ ಪ್ರತಿನಿಧಿಯನ್ನು ನೀವೇ ನೇಮಿಸಬಹುದು. ರಕ್ತಸಂಬಂಧಿಯೇ ಆಗಬೇಕಿಲ್ಲ. ಸಾದಾ ಕಾಗದದಲ್ಲಿ ಬರೆದು ಸಹಿ ಹಾಕಬೇಕು, ಅವರೂ ಒಪ್ಪಿಗೆ ಬರೆದುಕೊಡಬೇಕು. ನಾನು ನನ್ನ ಸಂಗಾತಿಯ ಹೆಸರು ಬರೆದಿದ್ದೇನೆ. ಆ ಕಾಗದ ಆಧಾರ್ ಕಾರ್ಡಿನ ಜೊತೆಯಲ್ಲೇ ಇದೆ. ಮದುವೆ ಇಲ್ಲದ ನಮಗೆ ಇಂಥ ಒಂದೊಂದು ಕಾಗದವೂ ದೊಡ್ಡದು.

ನನ್ನ ಮಗು, ತಂಗಿ, ಗೆಳೆಯ ಹೀಗಿದ್ದಾರೆ. ನಾನೇನು ಮಾಡಲಿ?

ಅಡ್ಜಸ್ಟ್ ಮಾಡ್ಕೋ ಅನ್ನಬೇಡಿ. ಅವರು ಹುಟ್ಟಿದಾಗಿಂದ ಮಾಡಿದ್ದು ಅದನ್ನೇ. ಬರ್ತೀನಿ ಅಂದರೆ ಬನ್ನಿ, ಆಗದಿದ್ದರೆ ಮುಂಚೆಯೇ ತಿಳಿಸಿ. ಅವರ ಜೊತೆಗಾರರ ಹೆಸರು ಕೇಳಿ ನೆನಪಿಟ್ಟುಕೊಳ್ಳಿ.

ನಮ್ಮಮ್ಮ ಈಗ ವರ್ಷಕ್ಕೆ ಎರಡು ಸಲ ಬಂದು ಹದಿನೈದು ದಿನ ಇರುತ್ತಾರೆ. ಬೆಳಿಗ್ಗೆ ಅಡುಗೆಮನೆಯಿಂದ "ಕುಕ್ಕರ್ ಇಡ್ತಾ ಇದೀನಿ" ಅಂತ ಕೂಗುತ್ತಾರೆ. ನಾನು ಎದ್ದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಮೂರು ವಿಷಲ್ ಆದ ಮೇಲೆ ಬಂದು ಬಾಗಿಲು ತಟ್ಟುತ್ತಾರೆ.